ಬಾಡಿಗೆ ಮನೆಗೆ ಆ್ಯಪ್ ಶುಲ್ಕ ಕಟ್ಟಬೇಕೇ, ಮಾಲೀಕರನ್ನೇ ಹುಡುಕಬೇಕೇ?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದೇನೆ, ಮನೆ ಹುಡುಕಲು ಆ್ಯಪ್‌ಗೆ ಸೇವಾ ಶುಲ್ಕ ಕಟ್ಟಲೇ, ಮಾಲೀಕರಿಂದ ನೇರವಾಗಿ ಪಡೆಯಲೇ ಎಂದು ಕೇಳಿದ್ದೀರಿ. ಇಲ್ಲಿ ಎಂಟು ವರ್ಷದಲ್ಲಿ ಮೂರು ಮನೆ ಬದಲಿಸಿದ್ದೇನೆ. ಒಂದು ಆ್ಯಪ್‌ನಲ್ಲಿ ಸಿಕ್ಕಿತು. ಉಳಿದೆರಡು, ಗೇಟಿಗೆ ತೂಗುಹಾಕಿದ್ದ ‘ಮನೆ ಬಾಡಿಗೆಗಿದೆ’ ಬೋರ್ಡಿನಿಂದ.

ದಲ್ಲಾಳಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾನೆ. ಆ್ಯಪ್‌ನ ಶುಲ್ಕ ಅದಕ್ಕಿಂತ ಬಹಳ ಕಡಿಮೆ, ಆದರೆ ಶೇ 18ರಷ್ಟು ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಆ ಹಣಕ್ಕೆ ನನಗೆ ಸಿಕ್ಕಿದ್ದು ಫೋನ್ ನಂಬರುಗಳು. ಕರೆ ಮಾಡಿದರೆ ಅರ್ಧದಷ್ಟು ಮನೆಗಳು ಆಗಲೇ ಹೋಗಿದ್ದವು. ಹೀಗಾಗಿ ಕಟ್ಟುವ ಮುನ್ನ ಎಷ್ಟು ನಂಬರು ಕೊಡುತ್ತಾರೆ, ಮನೆ ಸಿಗದಿದ್ದರೆ ಹಣ ಮರಳುತ್ತದೆಯೇ ಎಂಬುದನ್ನು ಓದಿಕೊಳ್ಳಿ.

ನನ್ನ ನಿಜವಾದ ನಷ್ಟ ಆಗಿದ್ದು ನೇರವಾಗಿ ಪಡೆದ ಮನೆಯಲ್ಲಿ. ಬಾಡಿಗೆ 22,000, ಮುಂಗಡ ಐದು ತಿಂಗಳದ್ದು, ಅಂದರೆ 1,10,000. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಮಾಲೀಕರು ಒಂದು ತಿಂಗಳ ಬಾಡಿಗೆಯನ್ನೇ ಹಿಡಿದುಕೊಂಡರು. ಕರಾರಿನಲ್ಲಿ ಆ ಮಾತೇ ಇರಲಿಲ್ಲ. ಹಿಡಿಯಬಾರದು ಎಂದೂ ಇರಲಿಲ್ಲ. ಆ್ಯಪ್ ಶುಲ್ಕ ಉಳಿಸಿದೆನೆಂದು ಹಿಗ್ಗಿದ್ದವನು ಅದರ ಹಲವು ಪಟ್ಟು ಕಳೆದುಕೊಂಡೆ, ಇಂದಿಗೂ ಬೇಸರವಿದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎನ್ನುತ್ತದೆ. ಆದರೆ ಅದು ಮಾದರಿಯಷ್ಟೇ, ರಾಜ್ಯವೇ ಕಾನೂನು ಮಾಡದ ಹೊರತು ಯಾರನ್ನೂ ಕಟ್ಟಿಹಾಕುವುದಿಲ್ಲ. ಆದ್ದರಿಂದ ಬಣ್ಣಕ್ಕೆ ಎಷ್ಟು, ಮುಂಗಡ ಎಷ್ಟು ದಿನದೊಳಗೆ ವಾಪಸ್ಸು ಎಂಬುದನ್ನು ಹನ್ನೊಂದು ತಿಂಗಳ ಕರಾರಿನಲ್ಲೇ ಬರೆಸಿ. ಆ್ಯಪ್‌ನಲ್ಲಿ ಸಿಕ್ಕ ಮನೆಗೂ ಇದು ಬೇಕೇ ಬೇಕು.

ಇನ್ನೊಂದು ವಿಷಯ: ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ, ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ಮೇಲಿನ ತೆರಿಗೆ ವಿನಾಯಿತಿಗೆ ಮಾಲೀಕರ ಪ್ಯಾನ್ ಬೇಕು. ಕೊಡುತ್ತಾರೆಯೇ ಎಂದು ಮೊದಲೇ ಕೇಳಿಬಿಡಿ.

ಕಚೇರಿ ವೈಟ್‌ಫೀಲ್ಡ್ ಕಡೆಯದಾಗಿದ್ದು ಅಪಾರ್ಟ್‌ಮೆಂಟೇ ಬೇಕೆಂದರೆ ಶುಲ್ಕ ಕಟ್ಟಿ. ಅಲ್ಲಿ ಎಷ್ಟೋ ಮಾಲೀಕರು ಬೇರೆ ಊರಿನಲ್ಲಿರುತ್ತಾರೆ. ವಿಜಯನಗರ, ಹನುಮಂತನಗರದಂಥ ಹಳೆಯ ಬಡಾವಣೆಯಾದರೆ ಎರಡು ವಾರ ಪಿಜಿಯಲ್ಲಿದ್ದು ಬೀದಿ ಸುತ್ತಿ. ಇಸ್ತ್ರಿ ಅಂಗಡಿಯವರನ್ನು ವಿಚಾರಿಸಿ. ಯಾವ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ ಎಂಬುದು ಬೋರ್ಡು ಹಾಕುವ ಮೊದಲೇ ಅವರಿಗೆ ತಿಳಿದಿರುತ್ತದೆ. ಮನೆಯನ್ನು ಕಣ್ಣಾರೆ ನೋಡದೆ, ತೆರಿಗೆ ರಸೀದಿಯಲ್ಲಿ ಮಾಲೀಕರ ಹೆಸರು ನೋಡದೆ ಟೋಕನ್ ಹಣವನ್ನು ಮಾತ್ರ ಯಾರಿಗೂ ಕಳುಹಿಸಬೇಡಿ.