ಒಂದನೇ ತರಗತಿ ಮುಗಿಸಿದ ಮಗಳು ಎರಡು ತಿಂಗಳ ರಜೆಯಲ್ಲಿ ಕನ್ನಡ ಓದು ಮರೆಯದಂತೆ ಏನು ಮಾಡಬಹುದು?

ನಿಮ್ಮ ಪ್ರಶ್ನೆಯಿಂದ ತಿಳಿದದ್ದು ಇಷ್ಟು: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆ, ಮನೆಮಾತು ತುಳು, ಮಗಳು ಕನ್ನಡ ಮಾಧ್ಯಮದವಳು. ಕಾಗುಣಿತದ ಪದಗಳನ್ನು ಓದುತ್ತಾಳೆ, ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ನೀವು ಕಲಿತದ್ದು ಮಲಯಾಳದಲ್ಲಿ, ನಿಮಗೆ ಕನ್ನಡ ಓದು ತಡವರಿಸಿಕೊಂಡು ಬರುತ್ತದೆ. ಜೂನಿನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಅವಳು ಎಲ್ಲ ಮರೆತಾಳೋ ಎಂಬ ಹೆದರಿಕೆ.

ಮೊದಲು ಬೇಡದ್ದನ್ನು ಹೇಳುತ್ತೇನೆ. ದಿನಕ್ಕೊಂದು ಪುಟ ಅ ಆ ಇ ಈ ಬರೆಸಬೇಡಿ. ಮೂಲ ಅಕ್ಷರಗಳು ಎರಡು ತಿಂಗಳಲ್ಲಿ ಅಷ್ಟು ಸುಲಭವಾಗಿ ಮರೆತುಹೋಗುವುದಿಲ್ಲ. ಹೋಗುವುದು ವೇಗ. ಗುಣಿತದ ಚಿಹ್ನೆಯನ್ನೋ ಕೆಳಗಿನ ಒತ್ತನ್ನೋ ನೋಡಿದ ಕೂಡಲೇ ಬಾಯಿಂದ ಶಬ್ದ ಹೊರಡಬೇಕು, ಆ ಅಭ್ಯಾಸ ತಪ್ಪುತ್ತದೆ. ಕಾಪಿ ಬರೆಯುವಾಗ ಕೈ ಓಡುತ್ತದೆ, ಬಾಯಿ ಸುಮ್ಮನಿರುತ್ತದೆ. ದಿನಕ್ಕೆ 15 ನಿಮಿಷ ಗಟ್ಟಿಯಾಗಿ ಓದಿದರೆ ಸಾಕು, ಆದರೆ ದಿನವೂ ಬೇಕು. ವಾರವಿಡೀ ಬಿಟ್ಟು ಭಾನುವಾರ ಒಂದೂವರೆ ಗಂಟೆ ಕೂರಿಸಿದರೆ ಅಳು ಬರುತ್ತದೆ, ಓದು ಬರುವುದಿಲ್ಲ.

ಊರ ಹೆಸರುಗಳಿಂದ ಶುರು ಮಾಡಿ. ಹೆಸರು ಅವಳ ಕಿವಿಗೆ ಮೊದಲೇ ಗೊತ್ತುಂಟು, ಹಾಗಾಗಿ ತಪ್ಪು ಓದಿದರೆ ನೀವು ಹೇಳುವ ಮೊದಲು ಅವಳಿಗೇ ತಿಳಿಯುತ್ತದೆ. ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಚೀಟಿಗಳಾಗಿ ಕತ್ತರಿಸಿ, ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಒಂದೊಂದು ಹೆಸರು ಬರೆಯಿರಿ. ಮೊದಲು ಒತ್ತಿಲ್ಲದವು: ಅಡೂರು, ಎಡನೀರು, ಕಾಸರಗೋಡು. ಮತ್ತೆ ಸೊನ್ನೆ ಇರುವ ಕುಂಬಳೆ, ಐ ಕಾರದ ಪೈವಳಿಕೆ. ಆಮೇಲೆ ಅದೇ ಅಕ್ಷರದ ಒತ್ತು ಇರುವ ಉಪ್ಪಳ, ಮುಳ್ಳೇರಿಯ. ಅದು ಸಲೀಸಾದ ಮೇಲೆ ಬೇರೆ ಅಕ್ಷರದ ಒತ್ತು: ಬದಿಯಡ್ಕ, ಮಂಜೇಶ್ವರ. ಪೆರ್ಲ, ನೀರ್ಚಾಲು ಕೊನೆಗೆ.

ಕೊನೆಗೆ ಯಾಕೆಂದರೆ ಅರ್ಕಾವೊತ್ತು, ಅಂದರೆ ‘ರ್’ ಶಬ್ದದ ಚಿಹ್ನೆ, ದೊಡ್ಡವರನ್ನೂ ಒಮ್ಮೆ ತಡೆಯುತ್ತದೆ. ಪೆರ್ಲದಲ್ಲಿ ಆ ಚಿಹ್ನೆ ಕೂರುವುದು ಲ ಆದ ಮೇಲೆ, ಓದುವುದು ಲಕ್ಕಿಂತ ಮೊದಲು. ಮಗು ಎಡದಿಂದ ಬಲಕ್ಕೆ ಹೋಗಿ ‘ಪೆಲರ್’ ಎಂದರೆ ಅದು ಅಜಾಗ್ರತೆ ಅಲ್ಲ, ಕಲಿಸಿದ ನಿಯಮವನ್ನೇ ಪಾಲಿಸಿದ್ದು. ಆ ಒಂದು ಚಿಹ್ನೆಯನ್ನು ಮಾತ್ರ ಕೆಂಪು ಶಾಯಿಯಲ್ಲಿ ಬರೆದು ‘ಕೆಂಪು ಕಂಡರೆ ಒಂದು ಅಕ್ಷರ ಹಿಂದೆ ಹಾರು’ ಎಂದು ಹೇಳಿಕೊಡಿ. ಹತ್ತು ಹನ್ನೆರಡು ಪದ ಹೀಗೆ ಓದಿದ ಮೇಲೆ ಕೆಂಪು ಬಿಟ್ಟು ಕಪ್ಪಿನಲ್ಲೇ ಬರೆಯಿರಿ.

ಒಂದು ದಿನಕ್ಕೆ 12 ಚೀಟಿ ಸಾಕು. 8 ಹಳತು, 4 ಹೊಸತು. ಎಲ್ಲವೂ ಹೊಸತಾದರೆ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಲು ತೊಡಗುತ್ತಾಳೆ, ಆ ಚಾಳಿ ಬಿಡಿಸುವುದು ಕಷ್ಟ. ಊರುಗಳು ಮುಗಿದರೆ ಅಡುಗೆಮನೆ ಉಂಟಲ್ಲ: ಉಪ್ಪು, ಬೆಲ್ಲ, ಅಕ್ಕಿ, ಹಪ್ಪಳ, ಕೊತ್ತಂಬರಿ. ಡಬ್ಬಿಗೆ ಚೀಟಿ ಅಂಟಿಸಿ. ವಾರ ಕಳೆದರೆ ಅವಳು ಚೀಟಿ ಬಿಟ್ಟು ಡಬ್ಬಿ ನೋಡಿಯೇ ಹೇಳುತ್ತಾಳೆ. ಆಗ ಉಪ್ಪಿನ ಚೀಟಿಯನ್ನು ಬೆಲ್ಲದ ಡಬ್ಬಿಗೆ ಹಾಕಿಡಿ. ಕಳ್ಳತನ ಹಿಡಿಯಲಿ. (ಚಾ ಮಾಡುವವರಿಗೆ ಮೊದಲೇ ತಿಳಿಸಿರಿ.)

ಕಥೆಪುಸ್ತಕ ಬೇಕಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ನಾಲ್ಕು ಹಂತಗಳಿವೆ, ಒಂದನೇ ಹಂತದ್ದನ್ನು ಆರಿಸಿ, ಅವು 250 ಪದದೊಳಗಿನವು. ಆದರೆ ಹಂತ ನೋಡಿ ಮೋಸ ಹೋಗಬೇಡಿ, ಪದ ಕಡಿಮೆ ಇದ್ದ ಮಾತ್ರಕ್ಕೆ ಒತ್ತು ಕಡಿಮೆ ಇರಬೇಕೆಂದಿಲ್ಲ. ಒಂದು ಪುಟದಲ್ಲಿ ನಾಲ್ಕಕ್ಕಿಂತ ಹೆಚ್ಚು ಕಡೆ ತಡೆದರೆ ಆ ಕಥೆಯನ್ನು ನೀವೇ ಓದಿ ಹೇಳಿ, ಅವಳಿಗೆ ಬೇರೆ ಕೊಡಿ. ಮೊಬೈಲಿನಲ್ಲಿ ಓದಿಸಬೇಡಿ. ಒತ್ತುಗಳು ಸಾಸಿವೆಯಷ್ಟಾಗಿ ಕಾಣುತ್ತವೆ. ಪ್ರಿಂಟ್ ತೆಗೆಸಿ.

ಒಂದು ಕಥೆಗೆ ಮೂರು ದಿನ. ಮೊದಲ ದಿನ ನೀವು ಬೆರಳಿಟ್ಟು ಓದಿ, ಎರಡನೇ ದಿನ ಇಬ್ಬರೂ ಒಟ್ಟಿಗೆ, ಮೂರನೇ ದಿನ ಅವಳೊಬ್ಬಳೇ. ನಿಮ್ಮ ಓದಿನ ಮೇಲೆ ನಿಮಗೆ ಧೈರ್ಯ ಇಲ್ಲದಿದ್ದರೆ ಕನ್ನಡ ಬಲ್ಲ ಅತ್ತೆಯೋ ಚಿಕ್ಕಪ್ಪನೋ ವಾಟ್ಸಾಪಿನಲ್ಲಿ ಧ್ವನಿ ಕಳಿಸಲಿ, ಅದಕ್ಕೆ ಸರಿಯಾಗಿ ಅವಳು ಬೆರಳು ಓಡಿಸಲಿ. ಒಂದು ಎಚ್ಚರ: ಮಲಯಾಳದಲ್ಲಿ ಎ ಕಾರದ ಚಿಹ್ನೆ ಅಕ್ಷರದ ಎಡಕ್ಕೆ ಬರುತ್ತದೆ, ಒ ಕಾರದ್ದು ಎರಡೂ ಬದಿಗೆ. ಕನ್ನಡದ ಕೆ, ಕೊಗಳಲ್ಲಿ ಎಡಕ್ಕೆ ಏನೂ ಇಲ್ಲ. ಸರಸರ ಓದುವಾಗ ನಿಮ್ಮ ಕಣ್ಣೇ ತಪ್ಪಬಹುದು. ಮೂರನೇ ದಿನ ಬಾಯಿಪಾಠ ಒಪ್ಪಿಸುತ್ತಿದ್ದಾಳೆ ಎನಿಸಿದರೆ ಕೊನೆಯ ವಾಕ್ಯ ಮೊದಲು ಓದಿಸಿ, ಗುಟ್ಟು ರಟ್ಟಾಗುತ್ತದೆ.

ತಡೆದಾಗ ಐದರವರೆಗೆ ಮನಸ್ಸಿನಲ್ಲೇ ಎಣಿಸಿ. ಆಮೇಲೆ ಉಳಿದ ಪದವನ್ನು ಬೆರಳಿನಿಂದ ಮುಚ್ಚಿ ಒಂದೊಂದೇ ಅಕ್ಷರ ಬಿಟ್ಟುಕೊಡಿ. ಆಗಲೂ ಬಾರದಿದ್ದರೆ ಹೇಳಿಬಿಡಿ. ‘ಪಕ್ಕೆ ಪ ಒತ್ತು’ ಎಂದು ಬಿಡಿಸಿ ಹೇಳಿಸುವುದು ಬರೆಯುವಾಗ ಸರಿ, ಓದುವಾಗ ವಾಕ್ಯದ ಅರ್ಥವೇ ಕಳಚಿ ಬೀಳುತ್ತದೆ. ಭೂಮಿಯನ್ನು ಬೂಮಿ ಎಂದರೆ ತಿದ್ದುವ ತುರ್ತಿಲ್ಲ, ಮಾತಿನಲ್ಲಿ ನಾವೂ ಹಾಗೆಯೇ ಅನ್ನುತ್ತೇವೆ. ಕಲ್ಲನ್ನು ಕಾಲು, ಹಲ್ಲನ್ನು ಹಾಲು ಎಂದರೆ ಬಿಡಬೇಡಿ. ‘ಮಳೆ’ ಎಂದು ಸರಿಯಾಗಿ ಓದಿ ನಿಮ್ಮ ಮುಖ ನೋಡಿದರೆ ತುಳುವಿನಲ್ಲಿ ‘ಬರ್ಸ’ ಎಂದು ಅರ್ಥ ಹೇಳಿ ಮುಂದೆ ಹೋಗಿ.

ತುಳುವಿನಲ್ಲೇ ಓದಿಸಲೂಬಹುದು. ಅವಳು ‘ಎಂಕ್ ಕುಕ್ಕು ಬೋಡು’ (ನನಗೆ ಮಾವಿನಹಣ್ಣು ಬೇಕು) ಎಂದರೆ ಅದನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಡಿ, ಓದಿದ ಮೇಲೆ ಮಾವಿನಹಣ್ಣು. ಪತ್ರಿಕೆಯ ತಲೆಬರಹ ಈಗಲೇ ಬೇಡ, ಅಲ್ಲಿ ಒತ್ತುಗಳ ಸಂತೆ.

ಮತ್ತೆ ಮತ್ತೆ ತಪ್ಪುವ ಚೀಟಿಗಳನ್ನು ಒಂದು ಲಕೋಟೆಯಲ್ಲಿ ಬೇರೆ ಇಡಿ. ಶಾಲೆ ತೆರೆದ ದಿನ ಅದನ್ನು ಟೀಚರ ಕೈಗೆ ಕೊಟ್ಟರೆ ಯಾವ ಒತ್ತಿನಿಂದ ಶುರು ಮಾಡಬೇಕೆಂದು ಅವರು ಹುಡುಕಬೇಕಾಗಿಲ್ಲ.