14 ಲೋಕ ಅಂದರೆ 14 ಗ್ರಹವೇ?

ಪ್ರಶ್ನೆ: ವಿಜ್ಞಾನ ವಸ್ತುಪ್ರದರ್ಶನಕ್ಕ ‘ಭೂಮಿಯಾಚೆ ಜೀವಿಗಳು’ ಅಂತ ವಿಷಯ ತಗೊಂಡೀವ್ರಿ. 14 ಲೋಕ ಅಂದ್ರ ಜೀವಿಗಳಿರೋ 14 ಗ್ರಹ ಅಂತ ಮಕ್ಕಳು ಚಾರ್ಟ್ ಮಾಡ್ಯಾರ. ಸರಿ ಅದ ಏನ್ರಿ? ನಮ್ಮ ಭಾಗದ್ದು ಏನರೆ ಸೇರಿಸಬಹುದಾ?
– ಪ್ರೌಢಶಾಲೆ ಶಿಕ್ಷಕಿ, ಸೇಡಂ

ಉತ್ತರ: ಆ ಚಾರ್ಟ್ ತೆಗೆಸಿಬಿಡಿ. ವಿಷ್ಣು ಪುರಾಣದ ಪ್ರಕಾರ ಭೂಮಿಯಿಂದ ಸೂರ್ಯನವರೆಗೆ ಭುವರ್ಲೋಕ, ಸೂರ್ಯನಿಂದ ಧ್ರುವ ನಕ್ಷತ್ರದವರೆಗೆ 14 ಲಕ್ಷ ಯೋಜನ ಸ್ವರ್ಲೋಕ. ಬುಧ, ಶುಕ್ರ, ಮಂಗಳ, ಗುರು, ಶನಿ ಐದೂ ಈ ಒಂದೇ ಲೋಕದೊಳಗೆ ಬರುತ್ತವೆ. ಅತಲದಿಂದ ಪಾತಾಳದವರೆಗಿನ ಏಳು ಇರುವುದು ನೆಲದ ಕೆಳಗೆ. ಲೋಕಕ್ಕೊಂದು ಗ್ರಹ ಹೊಂದಿಸಲು ಬರುವುದೇ ಇಲ್ಲ. ಯೋಜನವನ್ನು ಕಿಲೋಮೀಟರಿಗೆ ತಿರುಗಿಸಲೂ ಹೋಗಬೇಡಿ. ಅದರ ಅಳತೆ ಗ್ರಂಥದಿಂದ ಗ್ರಂಥಕ್ಕೆ ಬೇರೆ. ಅಲ್ಲದೆ ಆ ಪುರಾಣದಲ್ಲಿ ಚಂದ್ರ ಸೂರ್ಯನಿಗಿಂತ ಒಂದು ಲಕ್ಷ ಯೋಜನ ಮೇಲಿದ್ದಾನೆ! ತೀರ್ಪುಗಾರರು ಮೊದಲು ಹಿಡಿಯುವುದು ಇದನ್ನೇ.

ಚಾರ್ಟಿನಲ್ಲಿ ನಾಲ್ಕು ಕಾಲಂ ಹಾಕಿಸಿ: ಆ ಲೋಕ ಎಲ್ಲಿದೆ, ಅಲ್ಲಿ ಯಾರಿದ್ದಾರೆ, ಅಲ್ಲಿಗೆ ಹೋಗುವುದು ಹೇಗೆ, ಪುರಾವೆ ಏನು.

ಮೊದಲ ಸಾಲಿಗೆ ನಿಮ್ಮ ತಾಲ್ಲೂಕಿನ ಮಳಖೇಡವೇ ಸಾಕು. ರಾಷ್ಟ್ರಕೂಟರ ಈ ರಾಜಧಾನಿ ಜೈನ ವಿದ್ವತ್ತಿಗೆ ಆಸರೆಯಾಗಿತ್ತು. ಸೂರ್ಯ, ಚಂದ್ರ, ಗ್ರಹ, ನಕ್ಷತ್ರಗಳ ವಿಮಾನಗಳಲ್ಲಿ (ಅಂದರೆ ದಿವ್ಯ ನಿವಾಸಗಳಲ್ಲಿ) ಜ್ಯೋತಿಷ್ಕರೆಂಬ ವರ್ಗದ ದೇವರು ವಾಸಿಸುತ್ತಾರೆಂದು ಜೈನ ಗ್ರಂಥಗಳು ನೇರವಾಗಿಯೇ ಹೇಳುತ್ತವೆ. ಜೈನರು ಹೇಳುವ ದ್ವೀಪ, ಸಮುದ್ರಗಳಲ್ಲಿ ಜಂಬೂದ್ವೀಪಕ್ಕೆ 2 ಸೂರ್ಯರು, ಲವಣ ಸಮುದ್ರಕ್ಕೆ 4, ಧಾತಕೀಖಂಡಕ್ಕೆ 12, ಕಾಲೋದಧಿಗೆ 42, ಪುಷ್ಕರಾರ್ಧಕ್ಕೆ 72, ಒಟ್ಟು 132. ಚಂದ್ರರೂ ಅಷ್ಟೇ. ಆದರೆ ಅಲ್ಲಿ ಹುಟ್ಟುವುದು ಕರ್ಮಫಲದಿಂದ. ಈ ಮೂರನೇ ಕಾಲಂ ಬಿಟ್ಟರೆ ದೇವತೆಗಳು ಏಲಿಯನ್‌ಗಳಾಗಿಬಿಡುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಆಗುವುದೂ ಅದೇ.

ಚಿತ್ತಾಪುರ ತಾಲ್ಲೂಕಿನ ಪ್ರಾಚೀನ ಬೌದ್ಧ ನೆಲೆ ಸನ್ನತಿಯ ಫೋಟೊ ಹಾಕಿದರೆ ಬೌದ್ಧರ ಸಾಲೂ ಸೇರುತ್ತದೆ. ಬೌದ್ಧ ಗ್ರಂಥ ಅಂಗುತ್ತರ ನಿಕಾಯದಲ್ಲಿ ಸಾವಿರ ಸೂರ್ಯ, ಸಾವಿರ ಚಂದ್ರ, ಸಾವಿರ ಜಂಬೂದ್ವೀಪಗಳ ಒಂದು ಲೋಕಸಮೂಹವಿದೆ. ಅದನ್ನು ಇನ್ನೆರಡು ಸಲ ಸಾವಿರದಿಂದ ಗುಣಿಸಿದರೆ 100 ಕೋಟಿ. ಇದು ಪಾಲಿ ಗ್ರಂಥದ ಮಾತು, ಸನ್ನತಿಯ ಶಾಸನದಲ್ಲಿದೆ ಎಂದು ಬರೆಸಬೇಡಿ.

ಇಸ್ಲಾಮಿನ ಸಾಲಿಗೆ ಫಖ್ರುದ್ದೀನ್ ರಾಝಿ ಸಾಕು: ದೇವರು ಮನಸ್ಸು ಮಾಡಿದರೆ ಸಾವಿರ ಸಾವಿರ ಲೋಕಗಳನ್ನು ಸೃಷ್ಟಿಸಬಲ್ಲ ಎಂದ 12ನೇ ಶತಮಾನದ ಪಂಡಿತ. ‘ಸೃಷ್ಟಿಸಬಲ್ಲ’ ಎಂದೇ ಬರೆಸಿ, ‘ಇವೆ’ ಎಂದಲ್ಲ. ಬಸವಕಲ್ಯಾಣವನ್ನು ಬಿಡಬೇಡಿ. ದೇವಲೋಕ, ಮರ್ತ್ಯಲೋಕ ಬೇರೆಯಲ್ಲ, ಸತ್ಯ ನುಡಿಯುವುದೇ ದೇವಲೋಕ ಎಂದ ಬಸವಣ್ಣನವರನ್ನು ಹಾಕಿದರೆ ‘ಎಲ್ಲಿದೆ’ ಎಂಬ ಕಾಲಂ ತುಂಬುವುದು ಹೇಗೆಂದು ಮಕ್ಕಳೇ ಜಗಳಾಡುತ್ತಾರೆ.

ಪುರಾವೆಯ ಕಾಲಂಗೆ ಮಂಗಳ ಗ್ರಹ ಒಳ್ಳೆಯ ಉದಾಹರಣೆ. ದೂರದರ್ಶಕದಲ್ಲಿ ಕಂಡ ಗೆರೆಗಳನ್ನು ಅಮೆರಿಕದ ಖಗೋಳಜ್ಞ ಪರ್ಸಿವಲ್ ಲೊವೆಲ್ ಅಲ್ಲಿನ ಬುದ್ಧಿವಂತ ಜೀವಿಗಳು ತೋಡಿದ ಕಾಲುವೆ ಎಂದ. ಮಸುಕು ಚುಕ್ಕೆಗಳನ್ನು ಕಣ್ಣು ತಾನೇ ಗೆರೆಯಾಗಿ ಜೋಡಿಸಿಕೊಂಡಿತ್ತು. 1965ರಲ್ಲಿ ಮ್ಯಾರಿನರ್ 4 ಬಾಹ್ಯಾಕಾಶ ನೌಕೆ ಕಳಿಸಿದ ಚಿತ್ರಗಳಲ್ಲಿ ಕಾಲುವೆ ಇರಲಿಲ್ಲ, ಕುಳಿಗಳಿದ್ದವು.