ಮಂಗಳ ಗ್ರಹದ ಇಳಿಜಾರುಗಳಲ್ಲಿ ಕೊರಕಲು ಇದೆ ಅಂದರೆ ಅಲ್ಲಿ ನೀರು ಹರಿದಿದೆ ಅಂತಲೇ?

ಮಂಗಳದ ಫೋಟೊಗಳಲ್ಲಿರುವ ಕೊರಕಲುಗಳು ನಮ್ಮ ಮುಳ್ಳಯ್ಯನಗಿರಿ ರಸ್ತೆ ಪಕ್ಕದ ಕೊರಕಲುಗಳ ಥರವೇ ಇವೆ, ಹಾಗಾದರೆ ಅಲ್ಲೂ ನೀರು ಇದೆ ಅಲ್ವಾ ಅಂತ ಕೇಳಿದ್ದೀರಿ. ಇದನ್ನೆಲ್ಲ ಹಾಸನದಲ್ಲಿರುವ ಇಸ್ರೊ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ನೋಡುತ್ತಾರಾ ಅಂತಲೂ ಕೇಳಿದ್ದೀರಿ.

ನಾನು ಮೂಡಿಗೆರೆ ಕಡೆಯವನು, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 2019ರ ಆಗಸ್ಟ್ ಮಳೆ ಕಂಡವರಿಗೆ ಗುಡ್ಡ ಕೊರೆದಿದೆ ಅಂದರೆ ನೀರೇ ನೆನಪಾಗುತ್ತದೆ. 2000ದಲ್ಲಿ ವಿಜ್ಞಾನಿಗಳಾದ ಮೈಕೆಲ್ ಮಾಲಿನ್ ಮತ್ತು ಕೆನೆತ್ ಎಡ್ಜೆಟ್ ಮಂಗಳದ ಈ ಕೊರಕಲುಗಳ ಬಗ್ಗೆ ಬರೆದಾಗ ಅವರಿಗೂ ಮೊದಲು ಹೊಳೆದದ್ದು ನೀರೇ. ಮೇಲೆ ಬಟ್ಟಲಿನಂಥ ತಗ್ಗು, ನಡುವೆ ಕಾಲುವೆ, ಕೆಳಗೆ ಹರಡಿದ ಮಣ್ಣು. ಆಕಾರ ನೋಡಿದರೆ ಅನುಮಾನವೇ ಬರುವುದಿಲ್ಲ.

ಆದರೆ ಮಂಗಳದಲ್ಲಿ ಗಾಳಿಯ ಒತ್ತಡ ಸುಮಾರು 6 ಮಿಲಿಬಾರ್, ಇಲ್ಲಿಯದರ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಅಲ್ಲಿ ನೀರು ಸುರಿದರೆ ಒಂದೋ ಕುದಿದು ಆರುತ್ತದೆ, ಇಲ್ಲವೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಆಕಾರವೊಂದೇ ಸಾಕ್ಷಿಯಾಗದು.

ನನ್ನ ಪ್ರಕಾರ ನಿಜವಾದ ಪತ್ತೇದಾರಿ ಕೆಲಸ ಶುರುವಾಗಿದ್ದು ಒಂದೇ ಜಾಗದ ಫೋಟೊವನ್ನು ಮತ್ತೆ ಮತ್ತೆ ತೆಗೆದಾಗ. 2006ರಿಂದ ಮಂಗಳವನ್ನು ಸುತ್ತುತ್ತಿರುವ ನಾಸಾ ನೌಕೆ ಮಾರ್ಸ್ ರಿಕನೈಸನ್ಸ್ ಆರ್ಬಿಟರ್‌ನ ಹೈರೈಸ್ ಕ್ಯಾಮೆರಾಕ್ಕೆ ಊಟದ ಮೇಜಿನಷ್ಟು ದೊಡ್ಡ ಕಲ್ಲೂ ಕಾಣುತ್ತದೆ. ಆದರೆ ಬಿಸಿಲಿನ ಓರೆ ಬದಲಾದರೆ ನೆರಳೂ ಬದಲಾಗಿ, ಇಲ್ಲದ ಕೊರಕಲು ಇದ್ದ ಹಾಗೆ ಕಾಣಬಹುದು. ಅದಕ್ಕೇ ಒಂದೇ ಋತುವಿನ, ಒಂದೇ ಥರದ ಬೆಳಕಿನ ಫೋಟೊಗಳನ್ನು ಹೋಲಿಸುತ್ತಾರೆ. ಅಲ್ಲಿ ವರ್ಷ ಅಂದರೆ ನಮ್ಮ 687 ದಿನ, ತಾಳ್ಮೆ ಬೇಕು.

ಹೀಗೆ ಹೋಲಿಸಿದಾಗ ಕೊರಕಲುಗಳಲ್ಲಿ ಹೊಸ ಮಣ್ಣು ಜಾರುವುದು ಹೆಚ್ಚಾಗಿ ಚಳಿಗಾಲದಲ್ಲಿ ಮತ್ತು ಅದು ಮುಗಿಯುತ್ತಿದ್ದ ಹಾಗೆ ಅಂತ ಗೊತ್ತಾಯಿತು. ಹೆಪ್ಪುಗಟ್ಟಿದ ನೀರು ಕರಗಲು ಅದು ತೀರಾ ತಣ್ಣನೆಯ ಕಾಲ. ಆದರೆ ಅಲ್ಲಿನ ಗಾಳಿಯಲ್ಲಿ ಸುಮಾರು 95% ಕಾರ್ಬನ್ ಡೈಆಕ್ಸೈಡ್. ಚಳಿಗೆ ಅದೇ ಹೆಪ್ಪುಗಟ್ಟಿ ನೆಲದ ಮೇಲೆ ಕೂರುತ್ತದೆ, ಅಂದರೆ ನಮ್ಮ ಡ್ರೈ ಐಸ್. ಬಿಸಿಲು ತಾಗಿದಾಗ ಅದು ಕರಗುವುದಿಲ್ಲ, ನೇರ ಅನಿಲವಾಗುತ್ತದೆ. ಆ ಅನಿಲ ಮಣ್ಣನ್ನು ಸಡಿಲಿಸಿ ಜಾರಿಸಬಲ್ಲದು. ಈಗ ನಡೆಯುತ್ತಿರುವ ಬದಲಾವಣೆಗೆ ಹೆಚ್ಚಿನವರು ಒಪ್ಪುವ ಕಾರಣ ಇದೇ.

ಮಂಗಳದ ಇಳಿಜಾರುಗಳಲ್ಲಿ ಬೇಸಿಗೆಯಲ್ಲಿ ಮೂಡುವ ಕಪ್ಪು ಗೆರೆಗಳದು ಬೇರೆ ಕಥೆ. ಅವುಗಳನ್ನು ಮೊದಲು ಗಮನಿಸಿದ್ದು ನೇಪಾಳ ಮೂಲದ ಲುಜೇಂದ್ರ ಓಝಾ, ಆಗ ಅರಿಜೋನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ. 2015ರಲ್ಲಿ ಅವುಗಳಲ್ಲಿ ನೀರು ಹೀರಿದ ಉಪ್ಪಿನ ಗುರುತು ಸಿಕ್ಕಿತು ಅಂದಾಗ ಪೇಪರುಗಳಲ್ಲಿ ‘ಮಂಗಳದಲ್ಲಿ ನೀರು’ ಅಂತ ಬಂತು. 2017ರಲ್ಲಿ ಇನ್ನೊಂದು ತಂಡ ಇಳಿಜಾರಿನ ಕೋನ ಅಳೆಯಿತು. ಗೆರೆಗಳು ಸುಮಾರು 27 ಡಿಗ್ರಿಗಿಂತ ಕಡಿದಾದ ಕಡೆ ಮಾತ್ರ ಇದ್ದವು. ನೀರಾಗಿದ್ದರೆ ಅದಕ್ಕಿಂತ ಸಮತಟ್ಟಾದ ಕಡೆಗೂ ಹರಿಯಬೇಕಿತ್ತು. ಒಣ ಮರಳಾದರೆ ಆ ಕೋನದಲ್ಲಿ ನಿಂತುಬಿಡುತ್ತದೆ. ಅಷ್ಟು ಸರಳ ಅಳತೆ, ಎಂಥ ಪೆಟ್ಟು ನೋಡಿ!

ಹಾಗಂತ ನೀರಿನ ವಾದ ಪೂರ್ತಿ ಸತ್ತಿಲ್ಲ. ಮಂಗಳದ ಅಕ್ಷದ ವಾಲಿಕೆ ಈಗ 25 ಡಿಗ್ರಿ. ಸುಮಾರು 6.3 ಲಕ್ಷ ವರ್ಷಗಳ ಹಿಂದೆ ಅದು 35 ಡಿಗ್ರಿ ತಲುಪಿದ್ದಾಗ ಕೆಲವು ಕೊರಕಲುಗಳಲ್ಲಿ ಹಿಮ ಕರಗಿರಬಹುದು ಅಂತ 2023ರ ಒಂದು ಅಧ್ಯಯನ ಹೇಳುತ್ತದೆ.

ಇನ್ನು ಎಂಸಿಎಫ್. ಅದು ಭೂಮಿ ಸುತ್ತುವ ಇಸ್ರೊ ಸಂವಹನ, ಹವಾಮಾನ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ. ಮಂಗಳಯಾನವನ್ನು ನಡೆಸಿದ್ದು ಬೆಂಗಳೂರಿನಿಂದ. ಹೈರೈಸ್ ಫೋಟೊಗಳನ್ನು ನೀವು ಮನೆಯಲ್ಲೇ ಕೂತು ಸುಮ್ನೆ ನೋಡಬಹುದು, ದುಡ್ಡಿಲ್ಲ. ಆ ಕ್ಯಾಮೆರಾ ತಂಡದ ‘ಹೈವಿಶ್’ ವೆಬ್ ಪುಟದಲ್ಲಿ ಇಂಥ ಜಾಗದ ಫೋಟೊ ತೆಗೆಯಿರಿ ಅಂತ ಯಾರು ಬೇಕಾದರೂ ಕೇಳಬಹುದು. ಕೇಳುವುದಾದರೆ ಈಗಾಗಲೇ ಒಂದು ಹಳೇ ಫೋಟೊ ಇರುವ ಕೊರಕಲನ್ನೇ ಆರಿಸಿ.